ಲಘು ಲಘು ಗುರು

ಪುಣೆಯಲ್ಲಿ ಫ್ರೆಂಚ್ ಕಲಿಸುತ್ತೇನೆ ಅಂದರೆ ಧಾರವಾಡದವರಿಗೆ ನಗು. ಕನ್ನಡದವಳು, ಮರಾಠಿ ಮಕ್ಕಳಿಗೆ, ಫ್ರೆಂಚು! "ಏನ್ ಕಥೀನವಾ ನಿಂದು" ಅಂತಾರೆ.

ಶಾಲೆಯಲ್ಲಿ ಫ್ರೆಂಚ್ ತೆಗೆದುಕೊಂಡರೆ ಅಂಕ ಚೆನ್ನಾಗಿ ಬರುತ್ತದೆಂಬ ನಂಬಿಕೆ ಇಲ್ಲಿದೆ. ಹಾಗೆ ತೊಂಬತ್ತರ ಮೇಲೆ ತೆಗೆದವರೂ ನನ್ನಲ್ಲಿಗೆ ಬರುತ್ತಾರೆ. ವ್ಯಾಕರಣ ಪಟಪಟ ಹೇಳುತ್ತಾರೆ. ತಾವೇ ಬರೆಯಬಲ್ಲ ವಾಕ್ಯವನ್ನು ಕೇಳಿಸಿದರೆ ಮಾತ್ರ ಕಣ್ಣು ಪಿಳಿಪಿಳಿ. ಡೆಲ್ಫ್ ಪರೀಕ್ಷೆಯಲ್ಲಿ ಕೇಳುವುದಕ್ಕೆ 25, ಮಾತಾಡುವುದಕ್ಕೆ 25 ಅಂಕ. ಯಾವುದರಲ್ಲೂ 5ಕ್ಕಿಂತ ಕಡಿಮೆ ಬಂದರೆ ಒಟ್ಟು ಎಷ್ಟಿದ್ದರೂ ನಪಾಸು.

ಅಡ್ಡ ಬರುವುದು ಇಂಗ್ಲಿಷು. ಅಲ್ಲಿ ಪದಪದಕ್ಕೂ ಅದರದೇ ಒತ್ತು. 'ಚಾಕ್ಲೆಟ್' ಅನ್ನುವಾಗ ಮೊದಲಿಗೇ ಗುದ್ದು, ಉಳಿದದ್ದು ಅರ್ಧ ನುಂಗಿದ್ದು. ಫ್ರೆಂಚರದು 'ಶೊಕೊಲಾ': ಅಕ್ಷರಗಳೆಲ್ಲ ಸಮಸಮ, ಕೊನೆಯದು ತುಸು ಉದ್ದ. ಬಿಸಿಬಿಸಿ ಬೇಕೆಂದಿರೋ, 'ಶೊಕೊಲ ಶೋ'. ಉದ್ದ 'ಲಾ' ಬಿಟ್ಟು 'ಶೋ'ಗೆ ಜಾರಿತು. ಒತ್ತು ಪದದ ಆಸ್ತಿಯಲ್ಲ, ಪದಗುಚ್ಛದ್ದು. ನಾನು ಹಲಗೆಯ ಮೇಲೆ ಲಘು ಗುರು ಹಾಕಿ ಚಪ್ಪಾಳೆ ತಟ್ಟಿಸುತ್ತೇನೆ. ಛಂದಸ್ಸಿನ ಪ್ರಸ್ತಾರ ಹೀಗೂ ಉಪಯೋಗಕ್ಕೆ ಬಂತು ನೋಡಿ!

ರಾಗದ ಮಾತು ಬೇರೆ. ಪ್ರಶ್ನೆಗೆ ನಮಗೆ 'ಬರ್ತಾನೇನು' ಎಂಬ ಬಾಲ ಬೇಕು. ಫ್ರೆಂಚಿನ ಆಡುಮಾತಿನಲ್ಲಿ 'ಇಲ್ ವ್ಯಾಂ' ಎಂದು ದನಿ ಇಳಿಸಿದರೆ ಬರುತ್ತಾನೆ, ಏರಿಸಿದರೆ ಬರುತ್ತಾನೆಯೇ. ಅಷ್ಟೇ.

ಇನ್ನು ಪದಗಳ ಬೆಸುಗೆ. 'ಲೆ', 'ಆಮಿ' ಸೇರಿದರೆ 'ಲೆಝಾಮಿ', ಅಂದರೆ ಗೆಳೆಯರು. ಬರಹದಲ್ಲಿ ಸುಮ್ಮನಿದ್ದ 'ಎಸ್' ಬಾಯಿ ಬಿಡುತ್ತದೆ. 'ಇಲ್ ಆ' ಎಂಬುದನ್ನು ತಿರುಗಿಸಿ ಪ್ರಶ್ನೆ ಮಾಡಿದರೆ ನಡುವೆ ತಕಾರ ಹೊಕ್ಕು 'ಆತಿಲ್?' ಆಗುತ್ತದೆ. ನಮ್ಮ ಆಗಮ ಸಂಧಿಯ ಅಕ್ಕನೋ ತಂಗಿಯೋ!

ಒಮ್ಮೆ ಬಾಯ್ತಪ್ಪಿ "ಆಗಮ ಸಂಧಿ" ಎಂದದ್ದು ಒಬ್ಬ ಹುಡುಗಿಯ ಕಿವಿಗೆ ಬಿತ್ತು. ಹುಬ್ಬಳ್ಳಿ ಮೂಲದ ಮನೆ, ಹುಟ್ಟಿದ್ದು ಪುಣೆ. ಕನ್ನಡ ಅಜ್ಜಿಯೊಡನೆ ಮಾತ್ರ, ಓದಲು ಬಾರದು. "ಹಂಗಂದ್ರೇನು ಮೇಡಂ?"

"ಮನಿ-ಇಂದ ಬಂದೆ ಅಂತೀಯೇನು?"

"ಇಲ್ಲ. ಮನಿಯಿಂದ."

"ಆ ಯಕಾರ ಎಲ್ಲಿಂದ ಬಂತು?"

ಸ್ವಲ್ಪ ಹೊತ್ತು ಮಾತಿಲ್ಲ. "ಅಜ್ಜಿ ಹೇಳಿಕೊಟ್ಟಿಲ್ಲ," ಅಂದಳು. ಯಾರೂ ಕಲಿಸದ ನಿಯಮವೊಂದು ತನ್ನ ಬಾಯಲ್ಲೇ ಇತ್ತೆಂಬ ಸೋಜಿಗ. ಆಮೇಲೆ 'ಲೆಝಾಮಿ' ಅವಳಿಗೆ ಕಷ್ಟವೆನಿಸಲಿಲ್ಲ.

ಮುಂದಿನ ವಾರ ಕೇಳಿದ್ದು ಫ್ರೆಂಚಿನ ಸಂಶಯವಲ್ಲ, "ಕನ್ನಡ ಅಕ್ಷರ ಕಲಿಸ್ತೀರೇನ್ರೀ?" ಎಂದು. ಈಗ ತರಗತಿ ಮುಗಿದ ಮೇಲೆ ಹದಿನೈದು ನಿಮಿಷ ಅದಕ್ಕೆ. ಸದ್ಯ ಒತ್ತಕ್ಷರದಲ್ಲಿದ್ದೇವೆ.