ಇಪ್ಪತ್ತನಾಲ್ಕು ಸಾಲು, ಎಂಬತ್ತು ಕಾಲಂ

3270 ಸರಣಿಯ ಟರ್ಮಿನಲ್‌ಗಳನ್ನು ಐಬಿಎಂ 1971ರಲ್ಲಿ ಹೊರತಂದಿತು. ಆ ಭಾರದ ಪೆಟ್ಟಿಗೆಗಳು ಕಚೇರಿಗಳಿಂದ ಮರೆಯಾಗಿ ಎಷ್ಟೋ ಕಾಲವಾಯಿತು. ಮೇನ್‌ಫ್ರೇಮ್ ಮಾತ್ರ ಇವತ್ತಿಗೂ ಅವುಗಳೊಂದಿಗೇ ಮಾತಾಡುತ್ತಿದ್ದೇನೆ ಎಂದುಕೊಂಡಿದೆ. ಅದರ ಎದುರು ಈಗ ನಿಂತಿರುವುದು ಲ್ಯಾಪ್‌ಟಾಪಿನೊಳಗಿನ ಎಮ್ಯುಲೇಟರ್ ಕಿಟಕಿ; ಹಳೆಯ ಟರ್ಮಿನಲ್ಲಿನ ವೇಷ ಕಟ್ಟಿದ ಪಾತ್ರಧಾರಿ. ಸೆಷನ್ ಸೆಟ್ಟಿಂಗ್ ಎಂಬುದು ಈ ವೇಷದ ಚೌಕಿ. ಅಲ್ಲಿ ಕಳೆಯುವ ಹೊತ್ತು ಕೆಲಸಕ್ಕೆ ಮುಂಚಿನ ಕಿರಿಕಿರಿಯೆಂದು ಹಲವರಿಗೆ ಅನ್ನಿಸುತ್ತದೆ. ರುಚಿ ಹತ್ತಿದವರಿಗೆ ಅದೇ ಒಂದು ಹವ್ಯಾಸ.

ಈ ಟರ್ಮಿನಲ್ಲಿನ ಸ್ವಭಾವ ಮೊದಲು ತಿಳಿಯಬೇಕು. ಒತ್ತಿದ ಪ್ರತಿ ಅಕ್ಷರವನ್ನೂ ಅದು ಆಚೆಗೆ ಕಳಿಸುವುದಿಲ್ಲ. ಮೇನ್‌ಫ್ರೇಮ್ ಒಂದು ಪರದೆಯಷ್ಟು ನಮೂನೆಯನ್ನು ಕಳಿಸುತ್ತದೆ. ಬಳಸುವವರು ಅದರ ಖಾಲಿ ಜಾಗಗಳನ್ನು ತುಂಬುತ್ತಾರೆ. ಎಂಟರ್ ಅಥವಾ ಪಿಎಫ್ ಕೀ ಒತ್ತಿದಾಗ ಬದಲಾದ ಜಾಗಗಳಷ್ಟೇ ಒಟ್ಟಿಗೆ ಹೋಗುತ್ತವೆ. ಯಾವ ಜಾಗದಲ್ಲಿ ಬರೆಯಬಹುದು, ಯಾವುದರಲ್ಲಿ ಕೂಡದು ಎಂದು ಕಾಯುವ ಕೆಲಸ ಟರ್ಮಿನಲ್ಲಿನದು. ಹಾಗಾಗಿ ತಾನು ಎಂಥ ಟರ್ಮಿನಲ್ ಎಂದು ಎಮ್ಯುಲೇಟರ್ ಹೇಳಿಕೊಳ್ಳುವ ಮಾತು ನಡತೆಗೆ ಸರಿಹೊಂದಲೇಬೇಕು.

ಸಂಪರ್ಕದ ವಿವರಗಳಲ್ಲಿ ಹೆಚ್ಚು ಸ್ವಾರಸ್ಯವಿಲ್ಲ. ಹೋಸ್ಟಿನ ಹೆಸರು, ಪೋರ್ಟ್ ಸಂಖ್ಯೆ. ಬಯಲು ಸಂಪರ್ಕಕ್ಕೆ ರೂಢಿಯಲ್ಲಿ 23, ಟಿಎಲ್‌ಎಸ್ ಗೂಢಲಿಪಿಯ ಸಂಪರ್ಕಕ್ಕೆ 992. ಸರ್ಟಿಫಿಕೇಟ್ ತಪಾಸಣೆ ಅಡ್ಡಬಂದಾಗ ಅದನ್ನೇ ಆಫ್ ಮಾಡಿಬಿಡುವ ಚಾಳಿ ಮಾತ್ರ ಕೆಟ್ಟದ್ದು.

ರುಚಿ ಶುರುವಾಗುವುದು ಮಾಡೆಲ್ ಆರಿಸುವಲ್ಲಿ. ಮಾಡೆಲ್ 2 ಎಂದರೆ 24 ಸಾಲು, 80 ಕಾಲಂ. ಒಟ್ಟು 1920 ಅಕ್ಷರಗಳ ಜಾಗ. ಮಾಡೆಲ್ 3ರಲ್ಲಿ ಸಾಲುಗಳು 32, ಮಾಡೆಲ್ 4ರಲ್ಲಿ 43. ಮಾಡೆಲ್ 5 ಅಗಲದ್ದು: 27 ಸಾಲು, 132 ಕಾಲಂ. ಕೋಬಾಲ್ ಪ್ರೋಗ್ರಾಂ ಓದುವವರಿಗೆ 4 ಹಿತ. ಅದರ ಸಾಲು ಎಂಬತ್ತು ಕಾಲಂ ದಾಟದು, ಒಂದೇ ನೋಟಕ್ಕೆ ಹೆಚ್ಚು ಸಾಲು ಕಂಡರೆ ಲಾಭ. ಲೈನ್ ಪ್ರಿಂಟರಿನ 132 ಕಾಲಂಗೆ ಹೊಂದಿಸಿದ ಜಾಬ್ ಔಟ್‌ಪುಟ್ ನೋಡುವವರಿಗೆ 5 ಇದ್ದರೆ ಬಲಕ್ಕೆ ಸರಿಯುವ ತಾಪತ್ರಯ ತಪ್ಪುತ್ತದೆ. ಎರಡಕ್ಕೆ ಎರಡು ಸೆಷನ್ ಇಟ್ಟುಕೊಳ್ಳುವುದೇ ಜಾಣತನ.

ಆದರೆ ಇಲ್ಲಿ ಆರಿಸಿದ್ದು ಅಲ್ಲಿ ನಡೆಯುತ್ತದೆಂಬ ಭರವಸೆಯಿಲ್ಲ. ಎಮ್ಯುಲೇಟರ್ ತನ್ನನ್ನು ಐಬಿಎಂ-3278-4-ಇ ಎಂದು ಪರಿಚಯಿಸಿಕೊಳ್ಳುತ್ತದೆ. ಕೊನೆಯ ಇ ಎಂದರೆ ಬಣ್ಣ ಮೊದಲಾದ ವಿಸ್ತೃತ ಸೌಲಭ್ಯ ತನಗೆ ಗೊತ್ತು ಎಂದರ್ಥ. ಮೇನ್‌ಫ್ರೇಮಿನ ಬದಿಯಲ್ಲಿ ಆ ಹೆಸರಿಗೆ ಒಂದು ಲಾಗ್‌ಮೋಡ್, ಅಂದರೆ ಸೆಷನ್ನಿನ ನಿಯಮಗಳ ಪಟ್ಟಿ, ಗೊತ್ತಾಗಿರುತ್ತದೆ. ಅದು 24 ಸಾಲೇ ಎಂದು ಹಟ ಹಿಡಿದಿದ್ದರೆ ಕಿಟಕಿಯ ಉಳಿದ ಜಾಗ ಬರಿದೇ ಉಳಿಯುತ್ತದೆ. ಡಿ4ಸಿ32ಎಕ್ಸ್‌ಎಕ್ಸ್3 ಎಂಬ ಲಾಗ್‌ಮೋಡ್ ಮಾತ್ರ ಉದಾರಿ: ನಿನ್ನ ಅಳತೆ ಎಷ್ಟು ಎಂದು ಟರ್ಮಿನಲ್ಲನ್ನೇ ಕೇಳಿ ತಿಳಿದುಕೊಳ್ಳುತ್ತದೆ. ಅದರ ಜೊತೆ ಐಬಿಎಂ-ಡೈನಮಿಕ್ ಎಂಬ ಹೆಸರಿಟ್ಟುಕೊಂಡರೆ, ಈ ನಾಲ್ಕೂ ಮಾಡೆಲ್‌ಗಳಲ್ಲಿಲ್ಲದ 62 ಸಾಲು, 160 ಕಾಲಂಗಳ ಪರದೆಯನ್ನೂ ಪಡೆಯಬಹುದು. ಇಷ್ಟಾದ ಮೇಲೂ ಮೇನ್‌ಫ್ರೇಮಿನ ಮೆನು ಪರದೆಗಳಾದ ಐಎಸ್‌ಪಿಎಫ್‌ನ ಸೊನ್ನೆಯ ಆಯ್ಕೆಗೆ ಹೋಗಿ ಸ್ಕ್ರೀನ್ ಫಾರ್ಮ್ಯಾಟನ್ನು ಮ್ಯಾಕ್ಸ್ ಮಾಡಬೇಕು. ವಹಿವಾಟು ನಡೆಸುವ ಸಿಐಸಿಎಸ್‌ನ ಹಳೆಯ ಅಪ್ಲಿಕೇಷನ್‌ಗಳ ಪರದೆಯ ನಕ್ಷೆಗಳೋ, ಬಹುಪಾಲು ಎಂಬತ್ತು ಕಾಲಂಗೇ ಬರೆದಂಥವು. ಅವುಗಳಿಗೆ ಮಾಡೆಲ್ 2 ಸಾಕು.

ಕೋಡ್ ಪೇಜ್ ಸದ್ದಿಲ್ಲದೆ ಕೆಡಿಸುವ ಸೆಟ್ಟಿಂಗ್. ಮೇನ್‌ಫ್ರೇಮ್ ಬಳಸುವುದು ಎಬ್ಸಿಡಿಕ್ ಸಂಕೇತಗಳನ್ನು, ಅವುಗಳಲ್ಲೂ ದೇಶಕ್ಕೊಂದು ಪಾಠಾಂತರ. ಅಮೆರಿಕದ 037ರಲ್ಲಿ ಎಡ ಚೌಕ ಆವರಣದ ಹದಿನಾರು ಮೂಲಾಂಕದ ಸಂಕೇತ ಬಿಎ. 1047ರಲ್ಲಿ ಅದೇ ಚಿಹ್ನೆಗೆ ಎಡಿ. ಸಿ ಭಾಷೆಯ ಪ್ರೋಗ್ರಾಂ ಬರೆಯುವವರ ಕಣ್ಣಿಗೆ ಸರಿಯಾಗಿ ಕಾಣುವ [ ] ಕಂಪೈಲರಿಗೆ ಅರ್ಥವಾಗದೆ ಹೋಗುವುದು ಇದರಿಂದಲೇ. ಎಕ್ಸ್3270 ಎಂಬ ಉಚಿತ ಎಮ್ಯುಲೇಟರ್ ಈ ಸಂಕಟಕ್ಕೆಂದೇ, 037ರಲ್ಲಿ ಆವರಣಗಳನ್ನಷ್ಟೇ ತಿದ್ದಿದ, ಬ್ರಾಕೆಟ್ ಎಂಬ ಕೋಡ್ ಪೇಜ್ ಇಟ್ಟುಕೊಂಡಿದೆ. ಬ್ರಿಟನ್ನಿನ 285 ಇನ್ನೊಂದು ಬಗೆ: ಅಮೆರಿಕದವರ $ ಇರುವ 5ಬಿ ಸ್ಥಾನದಲ್ಲಿ ಅಲ್ಲಿ £ ಕೂತಿದೆ. ಬೆಂಗಳೂರಿನಲ್ಲಿ ಕೂತು ಲಂಡನ್ನಿನ ಬ್ಯಾಂಕಿನ ಪರದೆ ತೆರೆಯುವವರು 037 ಇಟ್ಟುಕೊಂಡರೆ ಪೌಂಡಿನ ಮೊತ್ತಗಳೆಲ್ಲ ಡಾಲರ್ ಆಗಿ ಕಂಡಾವು. ಸಂಖ್ಯೆ ಸರಿ, ನಾಣ್ಯ ತಪ್ಪು! 285 ಇಟ್ಟರೆ ಡಾಲರ್ ಚಿಹ್ನೆಯುಳ್ಳ ಹೆಸರುಗಳಿಗೆ ಪೇಚು. ಕಡತ ಸಾಗಿಸುವ ಐಎನ್‌ಡಿ$ಫೈಲ್ ಅಲ್ಲಿ ಐಎನ್‌ಡಿ£ಫೈಲ್ ಆಗುತ್ತದೆ.

ಕೀಬೋರ್ಡಿನ ವಿಷಯದಲ್ಲಿ ಬೆರಳುಗಳದ್ದೇ ಕೊನೆಯ ಮಾತು. ಮೂಲ ಟರ್ಮಿನಲ್ಲಿನಲ್ಲಿ ಎಂಟರ್ ಕೀ ಇದ್ದದ್ದು ಕೆಳಗೆ, ಸ್ಪೇಸ್ ಬಾರಿನ ಬಲಕ್ಕೆ. ಈಗ ಎಂಟರ್ ಇರುವಲ್ಲಿ ಮುಂದಿನ ಸಾಲಿನ ಖಾಲಿ ಜಾಗಕ್ಕೆ ಇಳಿಸುವ ನ್ಯೂಲೈನ್ ಕೀ ಇತ್ತು. ಐಬಿಎಂನ ಪರ್ಸನಲ್ ಕಮ್ಯುನಿಕೇಷನ್ಸ್ ಆ ಸಂಪ್ರದಾಯವನ್ನು ಬಿಟ್ಟುಕೊಟ್ಟಿಲ್ಲ: ಬಲಗಡೆಯ ಕಂಟ್ರೋಲ್ ಒತ್ತಿದರೆ ಎಂಟರ್, ಎಡಗಡೆಯದು ರೀಸೆಟ್. ಹೊಸಬರು ಅದನ್ನು ಮೊದಲ ದಿನವೇ ಬದಲಿಸಿಬಿಡುತ್ತಾರೆ. ಬದಲಿಸದೆ ಉಳಿದವರಿಗೆ ನ್ಯೂಲೈನ್ ಕೀಯ ಬೆಲೆ ನಿಧಾನಕ್ಕೆ ತಿಳಿಯುತ್ತದೆ. ಪಿಎಫ್ ಕೀಗಳು 24. ಮೊದಲ ಹನ್ನೆರಡಕ್ಕೆ ಎಫ್ ಕೀಗಳು, ಉಳಿದವಕ್ಕೆ ಶಿಫ್ಟ್ ಜೊತೆ ಅವೇ. ರೀಸೆಟ್ ಮಾತ್ರ ಕೈಗೆ ಹತ್ತಿರವೇ ಇರಬೇಕು. ಬರೆಯಬಾರದ ಜಾಗದಲ್ಲಿ ಬರೆದರೆ ಕೀಬೋರ್ಡ್ ಬೀಗ ಹಾಕಿಕೊಂಡು, ಪರದೆಯ ತಳದಲ್ಲಿ ಗುಣಿಸು ಗುರುತಿನ ಪಕ್ಕ ಎರಡು ಬಾಣಗಳ ನಡುವೆ ಪುಟ್ಟ ಮನುಷ್ಯಾಕೃತಿ ಮೂಡುತ್ತದೆ: ಬೇರೆ ಕಡೆ ಹೋಗು ಎಂಬ ಸೂಚನೆ. ದೋಷಸಂದೇಶಗಳಲ್ಲಿ ಇಷ್ಟು ಮುದ್ದಾದದ್ದು ಇನ್ನೊಂದಿಲ್ಲ.

ಬಣ್ಣಗಳನ್ನು ಮನಬಂದಂತೆ ಬದಲಿಸುವ ಮುಂಚೆ 3279 ಎಂಬ ಬಣ್ಣದ ಟರ್ಮಿನಲ್ಲಿನ ಮೂಲ ಕಟ್ಟಳೆ ತಿಳಿದಿರಲಿ. ಅಪ್ಲಿಕೇಷನ್ ಬಣ್ಣವನ್ನೇ ಹೇಳದಿದ್ದರೂ, ತುಂಬಬಹುದಾದ ಜಾಗ ಹಸಿರು, ಅದರಲ್ಲಿ ಒತ್ತು ಕೊಟ್ಟದ್ದು ಕೆಂಪು. ಮುಟ್ಟಬಾರದ ಜಾಗ ನೀಲಿ, ಅದರಲ್ಲಿ ಒತ್ತು ಕೊಟ್ಟದ್ದು ಬಿಳಿ. ನಾಲ್ಕೂ ಬೇರೆಬೇರೆಯಾಗಿ ಉಳಿಯಬೇಕು. ಕಪ್ಪು ಹಿನ್ನೆಲೆಯಲ್ಲಿ ಓದಲಾಗದ ಆ ಗಾಢ ನೀಲಿಯನ್ನು ತುಸು ತಿಳಿ ಮಾಡಿಕೊಂಡರೆ ತಪ್ಪೇನಿಲ್ಲ.

ಎಲ್‌ಯು ಹೆಸರು, ಅಂದರೆ ಮೇನ್‌ಫ್ರೇಮ್ ಈ ಟರ್ಮಿನಲ್ಲನ್ನು ಗುರುತಿಸುವ ಹೆಸರು, ಬರೆಯುವ ಪೆಟ್ಟಿಗೆಯನ್ನು ಸಾಮಾನ್ಯವಾಗಿ ಖಾಲಿ ಬಿಡಬಹುದು; ಸರ್ವರ್ ತನ್ನಲ್ಲಿ ಬಿಡುವಾಗಿರುವ ಯಾವುದೋ ಒಂದನ್ನು ಕೊಡುತ್ತದೆ. ಅಪ್ಲಿಕೇಷನ್ ಟರ್ಮಿನಲ್ಲಿನ ಗುರುತು ನೋಡಿಯೇ ಅಧಿಕಾರವನ್ನೋ ಪ್ರಿಂಟರನ್ನೋ ಕೊಡುವ ಕಡೆ ನಿಗದಿತ ಹೆಸರು ಬೇಕು. ಅದನ್ನು ಕೇಳಿ ಪಡೆಯುವ ದಾರಿ 1998ರ ಆರ್‌ಎಫ್‌ಸಿ 2355 ವಿವರಿಸುವ ಟಿಎನ್3270ಇ ಪ್ರೋಟೊಕಾಲಿನಲ್ಲಿದೆ. ಒಂದೇ ಹೆಸರನ್ನು ಇಬ್ಬರು ಬರೆದುಕೊಂಡರೆ ಎರಡನೆಯವರಿಗೆ ಬಾಗಿಲು ತೆರೆಯದು.

ಉಳಿದದ್ದು ಸಂಪರ್ಕ ಜೀವಂತವಿದೆಯೆಂದು ಆಗಾಗ ತಿಳಿಸುವ ಕೀಪ್‌ಅಲೈವ್. ಸುಮ್ಮನಿರುವ ಸಂಪರ್ಕವನ್ನು ದಾರಿಯ ಫೈರ್‌ವಾಲ್ ಕತ್ತರಿಸಿದರೆ ಮೇನ್‌ಫ್ರೇಮಿಗೆ ಅದು ಕೂಡಲೇ ತಿಳಿಯುವುದಿಲ್ಲ. ಮತ್ತೆ ಲಾಗಾನ್ ಆಗಹೊರಟರೆ ಈ ಯೂಸರ್ ಐಡಿ ಬಳಕೆಯಲ್ಲಿದೆ ಎಂಬ ಉತ್ತರ ಬರುತ್ತದೆ. ಟಿಎಸ್‌ಒ ಲಾಗಾನ್ ಪರದೆಯ ರೀಕನೆಕ್ಟ್ ಎದುರು ಎಸ್ ಹಾಕಿದರೆ ಬಿಟ್ಟ ಕೆಲಸ ಸಾಮಾನ್ಯವಾಗಿ ಬಿಟ್ಟಲ್ಲೇ ಸಿಗುತ್ತದೆ. ಇದನ್ನೆಲ್ಲ ಪಳಗಿಸಿಕೊಳ್ಳಲು ಕಂಪನಿಯ ಮೇನ್‌ಫ್ರೇಮೇ ಬೇಕೆಂದಿಲ್ಲ. 1999ರಿಂದ ಲಭ್ಯವಿರುವ ಹರ್ಕ್ಯುಲಿಸ್ ಎಂಬ ಉಚಿತ ತಂತ್ರಾಂಶ ಮನೆಯ ಕಂಪ್ಯೂಟರಿನೊಳಗೇ ಹಳೆಯ ಎಂವಿಎಸ್ 3.8 ವ್ಯವಸ್ಥೆಯನ್ನು ಓಡಿಸುತ್ತದೆ. ಅದು ಟರ್ಮಿನಲ್ಲಿಗಾಗಿ ಕಾಯುವ ಪೋರ್ಟಿನ ಸಂಖ್ಯೆ 3270.