ಇಲ್ಲದ ಸ್ವರದ ಗುಡುಗು

ಮಾಮೂಲಿ ಗಿಟಾರಿನ ದಪ್ಪ ತಂತಿ ಮಿಡಿಯುವುದು ಸುಮಾರು 82 ಹರ್ಟ್ಸ್‌ನಲ್ಲಿ. ಏಳನೇ ತಂತಿ ಸೇರಿಸಿದರೆ 62, ಎಂಟನೆಯದಕ್ಕೆ 46. ಸ್ವೀಡನ್ನಿನ ಮೆಟಲ್ ತಂಡ ಮೆಶುಗಾದವರು ಅದನ್ನೂ ಅರ್ಧ ಸ್ವರ ಇಳಿಸಿ 44ರ ಹತ್ತಿರ ನುಡಿಸುತ್ತಾರೆ. ಬೇಸ್ ಗಿಟಾರಿನ ತಳದ ತಂತಿಯೇ 41.

ತಮಾಷೆ ಇರುವುದು ಸ್ಪೀಕರಿನಲ್ಲಿ. ಗಿಟಾರ್ ಕ್ಯಾಬಿನೆಟ್‌ನ 12 ಇಂಚಿನ ಸ್ಪೀಕರು ಸಾಮಾನ್ಯವಾಗಿ 75 ಹರ್ಟ್ಸ್ ಆಸುಪಾಸಿನಿಂದ ಕೆಳಗೆ ಸೊರಗುತ್ತದೆ. ಹಾಗಾದರೆ ಎದೆಗೆ ಗುದ್ದುವ ಆ ಗುಡುಗು ಎಲ್ಲಿಂದ ಬಂತು? ಮೂಲ ಸ್ವರ ಕ್ಷೀಣವಾಗಿದ್ದರೂ ಅದರ ಎರಡು, ಮೂರು, ನಾಲ್ಕು ಪಟ್ಟಿನ ಹಾರ್ಮೋನಿಕ್‌ಗಳು ಕಿವಿಗೆ ಬಿದ್ದರೆ ಸಾಕು, ತಳದ ಸ್ವರವನ್ನು ಮಿದುಳೇ ಕಟ್ಟಿಕೊಳ್ಳುತ್ತದೆ. ಡಿಸ್ಟಾರ್ಷನ್ ಆ ಹಾರ್ಮೋನಿಕ್‌ಗಳನ್ನು ಧಾರಾಳವಾಗಿ ಬಡಿಸುತ್ತದೆ.

ಇದು ಗೊತ್ತಿಲ್ಲದ ಹೊಸಬರು ಮೊದಲು ತಿರುಗಿಸುವುದು ಬೇಸ್ ನಾಬನ್ನು, ಅದೂ ಪೂರ್ತಿ. ಸಿಗುವುದು ಗೊಜ್ಜು! ಹೈ-ಗೇನ್ ಆಂಪಿನೊಳಗೆ ಬೇಸ್ ಹೆಚ್ಚು ಹೋದಷ್ಟೂ ಹೊಡೆತಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪಳಗಿದವರು ಆಂಪಿನ ಮುಂದೆ ಟ್ಯೂಬ್ ಸ್ಕ್ರೀಮರ್ ಥರದ ಪೆಡಲ್ ಇಟ್ಟು, ಡ್ರೈವ್ ಇಳಿಸಿ, ಲೆವೆಲ್ ಏರಿಸಿ, ಬೇಸನ್ನು ಬಾಗಿಲಲ್ಲೇ ತಡೆಯುತ್ತಾರೆ. ಗೇನನ್ನೂ ನಾವು ಊಹಿಸಿದ್ದಕ್ಕಿಂತ ಕಡಿಮೆ ಇಡುತ್ತಾರೆ. ನಿಜವಾದ ತಳವನ್ನು ಬೇಸ್ ಗಿಟಾರಿಗೆ ಬಿಟ್ಟುಕೊಡುತ್ತಾರೆ.

ಭಾರವಾಗಿ ಕೇಳಿಸಬೇಕೆಂದರೆ ಮೊದಲು ಭಾರ ಕಳಚಬೇಕು. ಇನ್ನು ಮೆಟಲ್ ಸಂಗೀತ ಅಂದರೆ ಬರೀ ಗಲಾಟೆ ಅನ್ನುವವರಿಗೆ ಒಂದು ಮಾತು: ಆ ಗಲಾಟೆಯಲ್ಲಿ ನಿಮ್ಮ ತಲೆಯ ಪಾಲೂ ಇದೆ ಸ್ವಾಮಿ!