ಪಡಿಯಚ್ಚು

ನನ್ನ ಮೇಜಿನ ಮೇಲೆ ಒಂದು ಆಕಾಶನೌಕೆಯ ಪಕ್ಕೆಯಿದೆ. ಇಡೀ ನೌಕೆಯಲ್ಲ, ಪಕ್ಕೆಯ ಒಂದು ಗೇಣುದ್ದದ ತುಂಡು ಮಾತ್ರ. 'ಸ್ಟಾರ್ ವಾರ್ಸ್' ನೋಡಿದವರಿಗೆ ಮಿಲೆನಿಯಮ್ ಫಾಲ್ಕನ್ ಗೊತ್ತಿರುತ್ತದೆ: ರೊಟ್ಟಿಯ ಹಾಗೆ ದುಂಡಗೆ ಚಪ್ಪಟೆ, ಮುಂದಕ್ಕೆ ಚಾಚಿದ ಎರಡು ಕೋರೆ, ಬಲಬದಿಯಲ್ಲಿ ಅಂಟಿಸಿದಂತಿರುವ ಚಾಲಕನ ಕೋಣೆ. 1977ರಲ್ಲಿ ತೆರೆಗೆ ಬಂದ ಮೊದಲ ಚಿತ್ರಕ್ಕಾಗಿ ಮಾಡಿದ ಮಾದರಿ ಸುಮಾರು ಐದಡಿ ಉದ್ದವಿತ್ತು. ಅದರ ಅಂಚಿನ ಒಂದು ಚೂರನ್ನು ಅದೇ ಅಳತೆಯಲ್ಲಿ ಮತ್ತೆ ಮಾಡಲು ಹೊರಟು ಎರಡು ವರ್ಷವಾಯಿತು. ಗೇಣುದ್ದಕ್ಕೆ ಎರಡು ವರ್ಷವೇ ಎಂದು ಕೇಳುವವರಿಗೆ ಆ ಪಕ್ಕೆಯ ಮೇಲೆ ಏನಿದೆ ಎಂದು ಮೊದಲು ಹೇಳಬೇಕು.

ಅಲ್ಲಿರುವುದು ಪುಟ್ಟ ಪುಟ್ಟ ಯಂತ್ರಭಾಗಗಳು. ಕೊಳವೆ, ಪೆಟ್ಟಿಗೆ, ಹಲ್ಲುಗಾಲಿ, ಜಾಲರಿ. ನನ್ನ ಗೇಣಿನೊಳಗೇ ಅರವತ್ತಕ್ಕೂ ಹೆಚ್ಚಿವೆ. ಇವು ಯಾವುವೂ ಫಾಲ್ಕನ್‌ಗಾಗಿ ಹುಟ್ಟಿದವಲ್ಲ. ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಎಂಬ ಸಂಸ್ಥೆ 1975ರಲ್ಲಿ ಶುರುವಾದದ್ದು ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನ ಒಂದು ಗೋದಾಮಿನಲ್ಲಿ. ಫಾಲ್ಕನ್‌ಗೆ ಮೊದಲು ಬೇರೊಂದು ಉದ್ದನೆಯ ಆಕಾರ ಗೊತ್ತಾಗಿತ್ತು. ಅದು 'ಸ್ಪೇಸ್: 1999' ಎಂಬ ಟಿ.ವಿ. ಸರಣಿಯ ನೌಕೆಯನ್ನು ಹೋಲುತ್ತದೆ ಎಂದು ಕೈಬಿಟ್ಟರು, ರಾಜಕುಮಾರಿಯ ಹಡಗಿಗೆ ಕೊಟ್ಟರು. ಜೋ ಜಾನ್‌ಸ್ಟನ್ ಗಡಿಬಿಡಿಯಲ್ಲಿ ಹೊಸ ಆಕಾರ ಬರೆದರು. ಗ್ರಾಂಟ್ ಮೆಕ್ಯೂನ್ ನೋಡಿಕೊಳ್ಳುತ್ತಿದ್ದ ಮಾದರಿ ವಿಭಾಗದವರು ಅದನ್ನು ಕಟ್ಟಲು ಕೂತರು. ಪ್ರತಿ ಕೊಳವೆಯನ್ನೂ ಕೈಯಲ್ಲಿ ಕೆತ್ತುವಷ್ಟು ಹೊತ್ತು ಯಾರಿಗಿತ್ತು? ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಮಾಡೆಲ್ ಕಿಟ್‌ಗಳನ್ನು ರಾಶಿ ರಾಶಿ ತಂದರು. ಯುದ್ಧದ ಟ್ಯಾಂಕು, ವಿಮಾನ, ರೇಸ್ ಕಾರು. ಒಡೆದು, ಕತ್ತರಿಸಿ, ಅಂಟಿಸಿದರು. ಈ ಚೂರುಗಳಿಗೆ ಅವರ ಆಡುಮಾತಿನಲ್ಲಿ ಗ್ರೀಬ್ಲಿ ಎಂದು ಹೆಸರು.

ಟ್ಯಾಂಕಿನ ಚೂರು ಅಂಟಿಸಿದರೆ ನೌಕೆ ಹೇಗೆ ನಂಬಿಕೆ ಹುಟ್ಟಿಸುತ್ತದೆ? ಕಿಟ್‌ನ ಪ್ರತಿ ಚೂರೂ ನಿಜವಾದ ಯಂತ್ರವೊಂದರ ಕಿರಿದಾದ ನಕಲು. ಬೋಲ್ಟು ಎಲ್ಲಿರಬೇಕೋ ಅಲ್ಲಿರುತ್ತದೆ, ಅಂಚು ಚೂಪಾಗಿರುತ್ತದೆ. ಅದು ಏನೆಂದು ನೋಡುವವನಿಗೆ ತಿಳಿಯದು. ಆದರೂ ಇದಕ್ಕೇನೋ ಕೆಲಸವಿದೆ ಎಂದು ಕಣ್ಣು ಒಪ್ಪಿಕೊಳ್ಳುತ್ತದೆ. ಸಣ್ಣ ವಿವರ ಹೆಚ್ಚಿದಷ್ಟೂ ಒಟ್ಟು ವಸ್ತು ದೊಡ್ಡದಾಗಿ ಕಾಣುತ್ತದೆ.

ಆ ಚೂರುಗಳ ಮೂಲ ಹುಡುಕುವ ಹುಚ್ಚು ಹತ್ತಿದ ಜನ ಪ್ರಪಂಚದ ತುಂಬ ಇದ್ದಾರೆ. ತಮಿಯಾ ಕಂಪನಿಯ 1/35 ಅಳತೆಯ ಜರ್ಮನ್ ಎಂಟು ಟನ್ ಹಾಫ್‌ಟ್ರ್ಯಾಕ್, ಅದೇ ಕಂಪನಿಯ 1/12 ಅಳತೆಯ ಫೆರಾರಿ 312ಬಿ ರೇಸ್ ಕಾರು, ಹಸೆಗಾವಾದ 1/72 ಅಳತೆಯ ಲಿಯೋಪೋಲ್ಡ್ ರೈಲುಫಿರಂಗಿ, ಹೀಗೆ ಒಂದೊಂದಾಗಿ ಫಾಲ್ಕನ್ ಮೈಮೇಲೆ ಗುರುತು ಹಿಡಿದಿದ್ದಾರೆ. ನಾನು ಆ ಸಾಲಿನ ಕೊನೆಯಲ್ಲಿ ಬಂದವನು.

ಗುರುತು ಹಿಡಿಯುವುದು ಸುಲಭವಲ್ಲ. ಎಲ್ಲದಕ್ಕೂ ಒಂದೇ ಬೂದು ಬಣ್ಣ ಬಳಿದಿದೆ. ಚೂರನ್ನು ತಲೆಕೆಳಗಾಗಿಸಿದ್ದಾರೆ, ಅರ್ಧಕ್ಕೆ ಕೊಯ್ದಿದ್ದಾರೆ, ಒಂದರ ಮೇಲೊಂದು ಕೂರಿಸಿದ್ದಾರೆ. ಒಂದು ಫೋಟೋದಲ್ಲಿ ಗುಂಡಿಯಂತೆ ಕಂಡದ್ದು ಇನ್ನೊಂದರಲ್ಲಿ ಗುಬುಟಾಗುತ್ತದೆ, ಬೆಳಕು ಬಿದ್ದ ದಿಕ್ಕಿನ ಮೇಲೆ. ಆದರೆ ಒಂದು ಚೂರು ಖಚಿತವಾಗಿ ಸಿಕ್ಕರೆ ಅದೇ ಅಳತೆಗೋಲು. ಕಿಟ್‌ನಲ್ಲಿ ಅದು ಹನ್ನೊಂದು ಮಿಲಿಮೀಟರ್ ಇದ್ದರೆ ಮಾದರಿಯ ಮೇಲೂ ಹನ್ನೊಂದೇ. ಪಕ್ಕದ ಚೂರನ್ನು ಅದಕ್ಕೆ ಹೋಲಿಸಿ ಅಳೆಯಬಹುದು, ಅಲ್ಲಿಂದ ಮುಂದಿನದನ್ನು. ಗೊತ್ತಿರುವ ಪದ ಹಿಡಿದು ಗೊತ್ತಿಲ್ಲದ ಸಾಲು ಓದಿದ ಹಾಗೆ.

ಸಿಕ್ಕ ಮೇಲೆ ಮಾಡುವ ಕೆಲಸ ಬೇರೆ. 1970ರ ದಶಕದ ಹಳೆಯ ಕಿಟ್ ಒಂದನ್ನು ಒಂದೇ ಚೂರಿಗಾಗಿ ದುಬಾರಿ ಬೆಲೆ ಕೊಟ್ಟು ತರಿಸಿದ್ದೆ. ಡಬ್ಬಿ ತೆರೆದಾಗ ಚೌಕಟ್ಟಿನಿಂದ ಒಂದು ಭಾಗವೂ ಕಳಚಿರಲಿಲ್ಲ. ಕತ್ತರಿಸಲು ಮನಸ್ಸು ಬರಲಿಲ್ಲ. ಚೌಕಟ್ಟಿನಲ್ಲಿರುವಂತೆಯೇ ಅದರ ಮೇಲೆ ಸಿಲಿಕೋನ್ ಸುರಿದು ಅಚ್ಚು ತೆಗೆದೆ, ಆ ಅಚ್ಚಿಗೆ ರೆಸಿನ್ ಹೊಯ್ದೆ. ಅದು ಜುಲೈ ತಿಂಗಳು, ಬೆಂಗಳೂರಿನಲ್ಲಿ ಜಿಟಿಜಿಟಿ ಮಳೆ. ಪಾಲಿಯುರೆಥೇನ್ ರೆಸಿನ್‌ಗೆ ತೇವ ತಾಗಿದರೆ ನೊರೆ ಏಳುತ್ತದೆ. ನನ್ನ ಮೊದಲ ಎಂಟು ಚೂರುಗಳು ಇಡ್ಲಿಯ ಹಾಗೆ ಉಬ್ಬಿ ಬಂದವು. ಡಬ್ಬಿಯ ಮುಚ್ಚಳ ಭದ್ರಪಡಿಸಿ, ಬಿಸಿಲು ಬಿದ್ದ ದಿನಗಳಿಗೆ ಕಾದು ಉಳಿದವನ್ನು ಎರಕ ಹೊಯ್ದೆ.

ಹೀಗೆ ಎಲ್ಲ ಆಯಿತು, ಒಂದರ ಹೊರತು. ಹೆಬ್ಬೆರಳ ಉಗುರಿನಷ್ಟು ಜಾಗ. ನನ್ನ ಬಳಿಯ ಫೋಟೋಗಳಲ್ಲಿ ಮೂರು ಏಣು, ಅವುಗಳ ಕೊನೆಗೆ ಒಂದು ದುಂಡು, ಅದರಾಚೆ ನೆರಳು. ಟ್ಯಾಂಕಿನ ಗೇರ್‌ಬಾಕ್ಸ್ ಎಂದುಕೊಂಡು ನಾಲ್ಕು ತಿಂಗಳು ಕಳೆದೆ. ಅಳತೆ ಒಂದು ಮಿಲಿಮೀಟರ್ ಕೂಡಲಿಲ್ಲ. ಕೊನೆಗೆ ಬೇಸತ್ತು, ಕಂಪ್ಯೂಟರಿನಲ್ಲಿ ನಾನೇ ಒಂದು ಆಕಾರ ಬರೆದು ತ್ರೀಡಿ ಪ್ರಿಂಟ್ ತೆಗೆದು, ಪದರದ ಗೆರೆ ಉಜ್ಜಿ, ಬೂದು ಬಣ್ಣ ಬಳಿದು ಕೂರಿಸಿದೆ. ಚೆನ್ನಾಗಿಯೇ ಕಂಡಿತು. ಅದೇ ವಾರ ಪರಿಚಯದ ಕೆಲವು ವಿನ್ಯಾಸ ವಿದ್ಯಾರ್ಥಿಗಳು ಮನೆಗೆ ಬಂದಿದ್ದರು. "ಎಲ್ಲವೂ ಮೂಲದಲ್ಲಿದ್ದ ಹಾಗೇನಾ ಸರ್?" ಎಂದು ಒಬ್ಬಳು ಕೇಳಿದಳು. "ಒಂದೊಂದೂ" ಎಂದೆ.

ಮಾರನೆಯ ತಿಂಗಳು ಅಪ್ಪ ಹಾಸನದಿಂದ ಬಂದರು. ಕನ್ನಡ ಮೇಷ್ಟ್ರಾಗಿ ನಿವೃತ್ತರಾದವರು. ಅವರು 'ಸ್ಟಾರ್ ವಾರ್ಸ್' ನೋಡಿಲ್ಲ, ನೋಡುವ ಆಸೆಯೂ ಇಲ್ಲ. ಕನ್ನಡಕ ಮೇಲೆತ್ತಿ ಆ ಪಕ್ಕೆಯನ್ನು ಬಹಳ ಹೊತ್ತು ನೋಡಿದರು. ನಾನು ಕತೆಯನ್ನೆಲ್ಲ ಹೇಳಿದೆ.

"ಇದರಲ್ಲಿ ನೀನು ಓದಿದ್ದು ಯಾವುದು, ಊಹಿಸಿದ್ದು ಯಾವುದು?" ಎಂದರು.

ವಿದ್ಯಾರ್ಥಿಗಳಿಗೆ ಹೇಳಿದ್ದನ್ನು ಅಪ್ಪನಿಗೆ ಹೇಳಲಾಗಲಿಲ್ಲ. ತೋರಿಸಿದೆ.

"ಗೊತ್ತೇ ಆಗಲ್ವಲ್ಲೋ."

"ಗೊತ್ತಾಗಬಾರದು ಅಂತಲೇ ಹಾಗೆ ಮಾಡಿದ್ದು."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಾನು ಯಾವತ್ತೂ ಕೇಳಿರದ ಒಂದು ಸಂಗತಿ ಹೇಳಿದರು. ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಒಂದು ಕೆರೆ ಏರಿಯ ಮೇಲಿನ ಕಲ್ಲಿನ ಶಾಸನ ಓದಿದ್ದರಂತೆ. ಒದ್ದೆ ಕಾಗದ ಹಾಸಿ, ಬ್ರಷ್‌ನಲ್ಲಿ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆದಿದ್ದರು. ಕೆರೆಗೆ ಗದ್ದೆ ಬಿಟ್ಟವನ ಹೆಸರಿನಲ್ಲಿ ಮೂರು ಅಕ್ಷರ ಸವೆದಿದ್ದವು. ಅಳಿದ ಅಕ್ಷರದ ಜಾಗದಲ್ಲಿ ಚುಕ್ಕಿ ಹಾಕಬೇಕು. ಊಹಿಸಿದರೆ ಕಂಸದೊಳಗೆ ಇಡಬೇಕು. ಅಪ್ಪ ಎರಡನ್ನೂ ಮಾಡಲಿಲ್ಲ. ಹೊಂದುವ ಹೆಸರೊಂದು ಹೊಳೆದಿತ್ತು, ಕಲ್ಲಿನಲ್ಲೇ ಇದ್ದ ಹಾಗೆ ಅಚ್ಚು ಹಾಕಿಸಿದರು. ಹತ್ತು ವರ್ಷದ ಮೇಲೆ ಬೇರೊಬ್ಬರು ಇನ್ನೂ ಒಳ್ಳೆಯ ಪಡಿಯಚ್ಚು ತೆಗೆದಾಗ ಹೆಸರು ಬೇರೆಯಾಗಿತ್ತು.

"ಗದ್ದೆ ಬಿಟ್ಟವನು ಒಬ್ಬ, ನಾನು ಪುಣ್ಯ ಕೊಟ್ಟಿದ್ದು ಇನ್ನೊಬ್ಬನಿಗೆ. ಊಹೆ ತಪ್ಪಲ್ಲ ಕಣೋ. ಚುಕ್ಕಿ ಹಾಕದೆ ಇದ್ದದ್ದು ತಪ್ಪು. ಚುಕ್ಕಿ ಇದ್ದಿದ್ರೆ ಯಾರಾದರೂ ಮೊದಲೇ ಹೋಗಿ ಆ ಕಲ್ಲು ನೋಡ್ತಿದ್ರು."

ಆ ರಾತ್ರಿ ನಿದ್ದೆ ಬರಲಿಲ್ಲ. ಶಾಸನವೆಲ್ಲಿ, ಸಿನಿಮಾದ ಆಟಿಕೆಯೆಲ್ಲಿ ಎಂದು ವಾದಿಸಿ ನೋಡಿದೆ. ವಾದ ನಿಲ್ಲಲಿಲ್ಲ. ಐವತ್ತು ವರ್ಷದ ಹಿಂದೆ ಆ ಗೋದಾಮಿನಲ್ಲಿ ಯಾರೋ ಒಬ್ಬರು ರಾಶಿಯಲ್ಲಿ ಕೈಯಾಡಿಸಿ ಒಂದು ಚೂರು ಎತ್ತಿದ್ದಾರೆ. ತಿರುಗಿಸಿ ನೋಡಿ, ಇದು ಇಲ್ಲಿಗೆ ಸರಿ ಎಂದು ಅಂಟಿಸಿದ್ದಾರೆ. ನಾನು ಎರಡು ವರ್ಷ ಬೆನ್ನು ಹತ್ತಿದ್ದು ಪ್ಲಾಸ್ಟಿಕ್ಕನ್ನಲ್ಲ, ಆ ಕೈಯನ್ನು. ಅದು ಏನು ಮಾಡಿತೋ ತಿಳಿಯದ ಕಡೆ ನನ್ನ ಕೈ ಇಟ್ಟು, ಇದು ಅವರದೇ ಎಂದು ಹೇಳಿಬಿಟ್ಟಿದ್ದೆ.

ಬೆಳಿಗ್ಗೆ ಆ ಚೂರನ್ನು ಕಿತ್ತೆ. ಪ್ರಿಂಟರಿನಿಂದ ಬಂದ ಹಸಿರು ಬಣ್ಣದ ಇನ್ನೊಂದನ್ನು, ಬೂದು ಬಳಿಯದೆ, ಪದರದ ಗೆರೆ ಉಜ್ಜದೆ, ಅದೇ ಜಾಗದಲ್ಲಿ ಕೂರಿಸಿದೆ. ಬೂದು ಪಕ್ಕೆಯ ನಡುವೆ ಅದು ಹಲ್ಲಿಗೆ ಸಿಕ್ಕ ಸೊಪ್ಪಿನಂತೆ ಕಾಣುತ್ತದೆ. ಆ ಹುಡುಗಿಗೆ ಫೋನ್ ಮಾಡಿ, "ಒಂದೊಂದೂ ಅಂದಿದ್ದೆನಲ್ಲ, ಒಂದು ಅಲ್ಲ" ಎಂದೆ. ಅವಳು ಬೇಜಾರಾಗಲಿಲ್ಲ. ಫೋಟೋ ಕಳಿಸಿ ಎಂದಳು. ಈಗ ಅವಳೂ ಅವಳ ಇಬ್ಬರು ಗೆಳೆಯರೂ ಹಳೆಯ ಕಿಟ್‌ಗಳ ಜೋಡಣೆಯ ಹಾಳೆಗಳನ್ನು ತಿರುವಿಹಾಕುತ್ತಿದ್ದಾರೆ. ಅದು ಟ್ಯಾಂಕಿನದಲ್ಲ, ರೈಲಿನದಿರಬೇಕು ಎಂಬುದು ಅವಳ ವಾದ. ಇನ್ನೂ ಸಿಕ್ಕಿಲ್ಲ.

ಅಪ್ಪ ಭಾನುವಾರ ಫೋನ್ ಮಾಡಿದಾಗ ಊಟ, ಮಳೆ, ಮಂಡಿನೋವು ಎಲ್ಲ ಮುಗಿದ ಮೇಲೆ ಕೇಳುತ್ತಾರೆ: "ಆ ಮೂರಕ್ಷರ ಸಿಕ್ಕಿತೇನೋ?"

"ಇಲ್ಲಪ್ಪ, ಚುಕ್ಕಿ ಹಾಗೇ ಇದೆ" ಎನ್ನುತ್ತೇನೆ.